ರಿಲೀವರ್ ಏರ್‌ಪೋರ್ಟ್ ಅಂದ್ರೆ ಏನು, ಅದು ಯಾವಾಗ ಕೆಲಸಕ್ಕೆ ಬರುತ್ತೆ?

ದೊಡ್ಡ ಏರ್‌ಪೋರ್ಟ್ ಒಂದು ತುಂಬಿ ತುಳುಕ್ತಾ ಇರುತ್ತೆ, ಅದರ ಮೇಲಿನ ಭಾರ ಒಂದಿಷ್ಟು ಇಳಿಸೋಕೆ ಅಂತ ಅದೇ ಭಾಗದಲ್ಲಿ ಇನ್ನೊಂದು ಏರ್‌ಪೋರ್ಟ್ ಮಾಡ್ತಾರೆ, ಅದೇ ರಿಲೀವರ್ ಏರ್‌ಪೋರ್ಟ್. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಈ ಪದವನ್ನ ಇನ್ನೂ ಬಿಗಿಯಾಗಿ ಬಳಸುತ್ತೆ. ಅವರ ಲೆಕ್ಕದಲ್ಲಿ ಅದು ಖಾಸಗಿ ಜೆಟ್, ಟ್ರೇನಿಂಗ್ ವಿಮಾನ ಇಂಥವನ್ನ ದೊಡ್ಡ ಏರ್‌ಪೋರ್ಟ್‌ನಿಂದ ಆಚೆ ಎಳ್ಕೊಳ್ಳೋ ಜಾಗ. ನ್ಯೂಯಾರ್ಕ್ ಪಕ್ಕದ ಟೆಟರ್‌ಬರೋ ಇದಕ್ಕೆ ಒಳ್ಳೇ ಉದಾಹರಣೆ, ಅಲ್ಲಿ ಟೈಮ್‌ಟೇಬಲ್ ಇರೋ ಏರ್‌ಲೈನ್ ಫ್ಲೈಟೇ ಇಲ್ಲ, 1 ಲಕ್ಷ ಪೌಂಡ್‌ಗಿಂತ, ಅಂದ್ರೆ ಸುಮಾರು 45 ಟನ್‌ಗಿಂತ ಭಾರದ ವಿಮಾನಗಳಿಗೆ ಪ್ರವೇಶವೂ ಇಲ್ಲ.

ನಾಲ್ಕು ಜನ ಕೂರೋ ಪುಟ್ಟ ವಿಮಾನವನ್ನ ಆಚೆ ಕಳ್ಸಿದ್ರೆ ಅಷ್ಟು ದೊಡ್ಡ ಏರ್‌ಪೋರ್ಟ್‌ಗೆ ಏನು ಮಹಾ ಉಪಕಾರ ಅನ್ಸಬಹುದು. ಆದ್ರೆ ರನ್‌ವೇ ಜನರನ್ನ ಎಣಿಸಲ್ಲ, ವಿಮಾನಗಳನ್ನ ಎಣಿಸುತ್ತೆ. ಭಾರೀ ವಿಮಾನ ಇಳಿಯುವಾಗ ಅದರ ರೆಕ್ಕೆ ತುದಿಯಿಂದ ಗಾಳಿ ಸುಳಿಸುಳಿಯಾಗಿ ಹಿಂದೆ ಉಳಿಯುತ್ತೆ, ಆ ಸುಳಿಗೆ ಸಿಕ್ಕಿದ್ರೆ ಹಗುರ ವಿಮಾನ ಮಗುಚಿಬೀಳಬಹುದು, ಹಾಗಾಗಿ ಹಿಂದೆ ಬರ್ತಿರೋ ಹಗುರ ವಿಮಾನಕ್ಕೆ ಅಂತಾರಾಷ್ಟ್ರೀಯ ಲೆಕ್ಕದಲ್ಲಿ 6 ನಾಟಿಕಲ್ ಮೈಲಿ, ಹೆಚ್ಚುಕಮ್ಮಿ 11 ಕಿಲೋಮೀಟರ್ ಅಂತರ ಬಿಡ್ಬೇಕು. ಅದೇ ಇನ್ನೊಂದು ಭಾರೀ ವಿಮಾನ ಆಗಿದ್ರೆ 4 ಮೈಲಿ ಸಾಕು. ಅಂದ್ರೆ 300 ಜನರನ್ನ ಹೊತ್ತು ಬರೋ ವಿಮಾನಕ್ಕಿಂತ ನಾಲ್ಕು ಜನರ ವಿಮಾನವೇ ಜಾಸ್ತಿ ಜಾಗ ತಿನ್ನುತ್ತೆ, ಸಾಲದ್ದಕ್ಕೆ ಅದರ ಸ್ಪೀಡೂ ಕಮ್ಮಿ.

ನ್ಯೂಸಲ್ಲಿ, ರಾಜಕೀಯ ಭಾಷಣಗಳಲ್ಲಿ ಈ ಪದ ಬಂದಾಗ ಅರ್ಥ ಇಷ್ಟು ಸಣ್ಣದಿರಲ್ಲ. ಊರಿಗೊಂದು ಎರಡನೇ ಏರ್‌ಪೋರ್ಟ್, ಅದರಲ್ಲಿ ಏರ್‌ಲೈನ್ಸ್, ಟರ್ಮಿನಲ್, ಎಲ್ಲಾ ಇರುತ್ತೆ ಅನ್ನೋ ಅರ್ಥದಲ್ಲೇ ಹೇಳ್ತಾರೆ. ಹಳೇದನ್ನ ಮುಚ್ಚಿ ಹೊಸದಕ್ಕೆ ಹೋಗೋದು ಬೇರೆ ಕತೆ, 1998ರಲ್ಲಿ ಹಾಂಗ್‌ಕಾಂಗ್ ಕೈಟಾಕ್ ಬಾಗಿಲು ಹಾಕಿ ಚೆಕ್ ಲಾಪ್ ಕೋಕ್‌ಗೆ ಶಿಫ್ಟ್ ಆಯ್ತಲ್ಲ ಹಾಗೆ. ಅಲ್ಲಿ ಯಾರಿಗೂ ಆಯ್ಕೆ ಇರ್ಲಿಲ್ಲ. ರಿಲೀವರ್ ವಿಷಯದಲ್ಲಿ ಹಳೇದೂ ನಡೀತಾ ಇರುತ್ತೆ, ತಲೆನೋವು ಶುರುವಾಗೋದೇ ಅಲ್ಲಿ.

ಯಾಕಂದ್ರೆ ಏರ್‌ಲೈನ್ಸ್‌ಗೆ ಹಳೇ ಏರ್‌ಪೋರ್ಟ್ ಬಿಡೋಕೆ ಮನಸ್ಸೇ ಬರಲ್ಲ. ಲಂಡನ್‌ನ ಹೀಥ್ರೂನಲ್ಲಿ ಎರಡೇ ರನ್‌ವೇ, ವರ್ಷಕ್ಕೆ ಟೇಕಾಫ್ ಲ್ಯಾಂಡಿಂಗ್ ಎಲ್ಲಾ ಸೇರಿ 4.8 ಲಕ್ಷ ಅಂತ ಮಿತಿ ಹಾಕಿದಾರೆ, ಅದು ಬಹುತೇಕ ತುಂಬಿದೆ, ಆದ್ರೂ ಅಲ್ಲಿನ ಸ್ಲಾಟ್‌ಗೆ, ಅಂದ್ರೆ ಇಂಥಾ ದಿನ ಇಂಥಾ ಹೊತ್ತಿಗೆ ಇಳಿಯೋ ಏರೋ ಹಕ್ಕಿಗೆ, ಏರ್‌ಲೈನ್ಸ್ ಮುಗಿಬೀಳ್ತಾವೆ. ಕೊಟ್ಟ ಸ್ಲಾಟ್‌ಗಳಲ್ಲಿ ಸೀಸನ್‌ಗೆ 80 ಪರ್ಸೆಂಟ್ ಆದ್ರೂ ಬಳಸ್ಬೇಕು, ಇಲ್ಲಾಂದ್ರೆ ಕೈತಪ್ಪುತ್ತೆ ಅನ್ನೋದು ರೂಲು, ಹಾಗಾಗಿ ಲಾಸ್ ಆದ್ರೂ ಹಾರಿಸ್ತಾರೆ ಹೊರತು ಬಿಟ್ಟುಕೊಡಲ್ಲ. ಇನ್ನು ಕನೆಕ್ಟಿಂಗ್ ಪ್ಯಾಸೆಂಜರ್ಸ್. ಒಂದು ಫ್ಲೈಟ್ ಇಳಿದು ಇನ್ನೊಂದು ಹತ್ತೋನಿಗೆ ಎರಡೂ ಒಂದೇ ಕಡೆ ಇದ್ರೇನೇ ಅರ್ಥ, ಅರ್ಧ ಫ್ಲೈಟ್ ಹೊಸ ಏರ್‌ಪೋರ್ಟ್‌ಗೆ ಕಳ್ಸಿದ್ರೆ ಎರಡೂ ಕಡೆ ಕೆಡುತ್ತೆ.

ಇದನ್ನ ದುಬಾರಿ ಬೆಲೆ ತೆತ್ತು ಕಲಿತಿದ್ದು ಕೆನಡಾದ ಮಾಂಟ್ರಿಯಲ್. ಊರೊಳಗಿನ ಡೋರ್ವಲ್ ಸಾಲಲ್ಲ ಅಂತ ಮಿರಾಬೆಲ್ ಅನ್ನೋ ಕಡೆ ಸುಮಾರು 97,000 ಎಕರೆ ವಶಪಡಿಸ್ಕೊಂಡ್ರು, ರೈತರನ್ನ ಒಕ್ಕಲೆಬ್ಬಿಸಿದ್ರು, 1975ರಲ್ಲಿ ಏರ್‌ಪೋರ್ಟ್ ಓಪನ್ ಮಾಡಿದ್ರು. ಆಮೇಲೆ ಯುರೋಪ್ ಮುಂತಾದ ಇಂಟರ್‌ನ್ಯಾಷನಲ್ ಫ್ಲೈಟ್ಸ್ ಎಲ್ಲಾ ಮಿರಾಬೆಲ್‌ಗೇ ಹೋಗ್ಬೇಕು ಅಂದ್ರು, ದೇಶದೊಳಗಿನದ್ದು ಮತ್ತೆ ಅಮೆರಿಕದ್ದು ಡೋರ್ವಲ್‌ನಲ್ಲೇ ಉಳೀತು. ಪ್ಯಾರಿಸ್‌ನಿಂದ ಬಂದೋನು ಕೆನಡಾದ ಇನ್ನೊಂದು ಊರಿಗೆ ಹೋಗ್ಬೇಕಂದ್ರೆ ಮಿರಾಬೆಲ್‌ನಲ್ಲಿ ಇಳಿದು, ಲಗೇಜ್ ಎತ್ಕೊಂಡು, ರೋಡಲ್ಲಿ ಅಷ್ಟು ದೂರ ಡೋರ್ವಲ್‌ಗೆ ಬರ್ಬೇಕು. ಪ್ಲಾನ್‌ನಲ್ಲಿದ್ದ ರೈಲು ಬರ್ಲೇ ಇಲ್ಲ, ಹೈವೇನೂ ಪೂರ್ತಿ ಆಗ್ಲಿಲ್ಲ. ಇಂಥಾ ಪಾಡು ಯಾರಿಗೆ ಬೇಕು, ಟೊರಾಂಟೊ ಮೂಲಕ ಹೋದ್ರೆ ಎಲ್ಲಾ ಒಂದೇ ಸೂರಿನಡಿ ಮುಗೀತಿತ್ತು. 1997ರಲ್ಲಿ ಇಂಟರ್‌ನ್ಯಾಷನಲ್ ಫ್ಲೈಟ್ಸ್ ಡೋರ್ವಲ್‌ಗೆ ವಾಪಸ್ ಬಂದ್ವು, 2004ರಲ್ಲಿ ಮಿರಾಬೆಲ್‌ನಿಂದ ಕೊನೇ ಪ್ಯಾಸೆಂಜರ್ ಫ್ಲೈಟ್ ಹೋಯ್ತು, 2014ರಲ್ಲಿ ಟರ್ಮಿನಲ್ ಕೆಡವೋಕೇ ಶುರು ಮಾಡಿದ್ರು. ಈಗ ಅಲ್ಲಿ ಕಾರ್ಗೋ ಓಡಾಡುತ್ತೆ, ಏರ್‌ಬಸ್ ಎ220 ಜೋಡಿಸ್ತಾರೆ.

ಟೋಕಿಯೋದವರೂ 1978ರಲ್ಲಿ ನರಿತಾ ಓಪನ್ ಮಾಡಿ ಇಂಟರ್‌ನ್ಯಾಷನಲ್ ಅಲ್ಲಿಗೆ, ಡೊಮೆಸ್ಟಿಕ್ ಹನೇಡಾಗೆ ಅಂತ ಹಂಚಿದ್ರು, ರೈತರ ಹೋರಾಟ ಅಲ್ಲೂ ಜೋರಾಗಿತ್ತು. ಅಲ್ಲಿ ಜನ ಎಷ್ಟಿದ್ರು ಅಂದ್ರೆ ಎರಡೂ ತುಂಬಿದ್ವು. ಆದ್ರೂ 2010ರಲ್ಲಿ ಹನೇಡಾಗೆ ನಾಲ್ಕನೇ ರನ್‌ವೇ ಬಂದಾಗ ಇಂಟರ್‌ನ್ಯಾಷನಲ್ ಫ್ಲೈಟ್ಸ್ ಮತ್ತೆ ಊರ ಹತ್ರಕ್ಕೇ ಬಂದ್ವು.

ಹಾಗಾದ್ರೆ ಹೊಸ ಏರ್‌ಪೋರ್ಟ್‌ಗೆ ಖುಷಿಯಾಗಿ ಹೋಗೋರು ಯಾರು? ಮುಖ್ಯವಾಗಿ ಲೋ ಕಾಸ್ಟ್ ಏರ್‌ಲೈನ್ಸ್. ಅವರ ಲೆಕ್ಕ ಕನೆಕ್ಷನ್ ಮೇಲೆ ನಿಂತಿಲ್ಲ, ಫೀಸ್ ಕಮ್ಮಿ ಇರ್ಬೇಕು, ವಿಮಾನ ಬೇಗ ತಿರುಗಿಸಿ ಕಳ್ಸೋಕಾಗ್ಬೇಕು ಅಷ್ಟೇ. ಲಂಡನ್‌ನ ಸ್ಟಾನ್‌ಸ್ಟೆಡ್, ಬ್ರಸೆಲ್ಸ್ ಬಳಿಯ ಷಾರ್ಲರ್ವಾ ಬೆಳೆದಿದ್ದು ರಯಾನ್ಏರ್‌ನಿಂದ. ಇವರ ಜೊತೆ ಕಾರ್ಗೋದವರು, ಅವರಿಗೆ ರಾತ್ರಿ ಹೊತ್ತು ಹಾರೋಕೆ ಬಿಟ್ರೆ ಸಾಕು.

ಜಾಗ ಹುಡುಕೋ ಕೆಲಸವೂ ಬರೀ ಖಾಲಿ ಭೂಮಿ ಹುಡುಕೋದಲ್ಲ. ವರ್ಷಗಟ್ಟಲೆ ಗಾಳಿ ಅಳೆದು, 95 ಪರ್ಸೆಂಟ್ ಹೊತ್ತಾದ್ರೂ ಅಡ್ಡಗಾಳಿ ಕಾಟ ಇಲ್ಲದ ಹಾಗೆ ರನ್‌ವೇ ದಿಕ್ಕು ಇಡ್ಬೇಕು. ಹಳೇ ಏರ್‌ಪೋರ್ಟ್‌ಗೆ ಬರೋ ವಿಮಾನಗಳ ದಾರಿಗೆ ಹೊಸದರ ದಾರಿ ಅಡ್ಡ ಬಂದ್ರೆ ಕತೆ ಮುಗೀತು, ನೆಲದ ಮೇಲೆ ಎರಡು ಏರ್‌ಪೋರ್ಟ್ ಇದ್ರೂ ಆಕಾಶ ಒಂದೇ, ಒಂದು ಕಡೆ ವಿಮಾನ ಇಳೀತಿದ್ರೆ ಇನ್ನೊಂದು ಕಡೆ ಕಾಯ್ಬೇಕು. ದೂರ ಇಟ್ರೆ ಆಕಾಶ ಸಲೀಸು, ಜನಕ್ಕೆ ಕಷ್ಟ. ನನ್ನ ಕೇಳಿದ್ರೆ ಪ್ರಾಜೆಕ್ಟ್ ಬಗ್ಗೆ ಅನೌನ್ಸ್‌ಮೆಂಟ್ ಬಂದಾಗ ಟರ್ಮಿನಲ್ ಡಿಸೈನ್ ಫೋಟೋ ಬಿಟ್ಟು, ರೈಲು ಯಾವ ವರ್ಷ ಬರುತ್ತೆ, ಯಾವ ಏರ್‌ಲೈನ್ ಸೈನ್ ಮಾಡಿದೆ ಅಂತ ಮೊದ್ಲು ನೋಡ್ಬೇಕು.

ಎಷ್ಟು ಕಾಲ ಹಿಡಿಯುತ್ತೆ ಅನ್ನೋದಕ್ಕೆ ಸಿಡ್ನಿ ನೋಡಿ. ಅಲ್ಲಿನ ಹಳೇ ಏರ್‌ಪೋರ್ಟ್‌ನಲ್ಲಿ ಗಂಟೆಗೆ 80 ವಿಮಾನ ಅಂತ ಮಿತಿ, ರಾತ್ರಿ 11ರಿಂದ ಬೆಳಗ್ಗೆ 6ರ ತನಕ ಕರ್ಫ್ಯೂ. ಎರಡನೇದಕ್ಕೆ ಬ್ಯಾಡ್ಜರೀಸ್ ಕ್ರೀಕ್ ಅಂತ ಜಾಗ ಆರಿಸಿದ್ದು 1986ರಲ್ಲಿ, ಕೆಲಸ ಶುರುವಾಗಿದ್ದು 2018ರಲ್ಲಿ. ಅಲ್ಲಿ ರಾತ್ರಿ ಕರ್ಫ್ಯೂ ಇಟ್ಟಿಲ್ಲ.