ಕ್ಲಚ್ಚಿಗೂ ಒಂದಿಷ್ಟು ಸಡಿಲ ಬೇಕು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ–ಜಮಖಂಡಿ ಕಡೆ ಬೈಕ್ ಓಡಿಸುವವರ ಎಡಗೈಗೆ ಬಿಡುವಿಲ್ಲ. ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಅದರ ಮುಂದೆ ಇನ್ನೊಂದು. ಹಾಡು ಜೋರು, ವೇಗ ಮಾತ್ರ ನಡೆದು ಹೋಗುವವರದ್ದು. ದಾಟಲು ಜಾಗ ಸಿಗುವವರೆಗೆ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಹಿಂದೆ ಹಿಂದೆ ತೆವಳಬೇಕು. ಆ ವರ್ಷ ನಾನೂ ಮೂರು ತಿಂಗಳು ಹಾಗೇ ತೆವಳಿದೆ. ಲಿವರ್ ಯಾಕೋ ಸಡಿಲ ಅನಿಸಿತು. ಒಂದು ಭಾನುವಾರ ಪಾನಾ ಹಿಡಿದು ಕೂತು ಕ್ಲಚ್ ವೈರ್ ಬಿಗಿ ಮಾಡಿದೆ. ಬೆರಳು ತಾಗಿಸಿದರೆ ಸಾಕು, ಕ್ಲಚ್ ಬಿಡುತ್ತಿತ್ತು. ಗ್ಯಾರೇಜಿನ ದುಡ್ಡು ಉಳಿಯಿತೆಂದು ಖುಷಿಯೋ ಖುಷಿ.

ಖುಷಿ ಸವದತ್ತಿಯ ಯಲ್ಲಮ್ಮನ ಗುಡ್ಡದವರೆಗೆ ಬಂತು, ಗುಡ್ಡ ಹತ್ತಲಿಲ್ಲ. ಏರಿನಲ್ಲಿ ಎಂಜಿನ್ ಕಿರುಚಿತು, ಗಾಡಿ ಮಾತ್ರ ಅಲ್ಲೇ. ಸುಟ್ಟ ವಾಸನೆ ಬೇರೆ. ಹಿಂದೆ ಕೂತಿದ್ದ ಹೆಂಡತಿ ಇಳಿದು ನಡೆಯತೊಡಗಿದಳು, ನನಗಿಂತ ಮೊದಲೇ ಮೇಲೆ ಹೋಗಿ ಕಾಯುತ್ತಿದ್ದಳು.

ವಾಪಸ್ ಬರುವಾಗ ದಾರಿಯಲ್ಲೊಂದು ಗ್ಯಾರೇಜಿಗೆ ತೋರಿಸಿದೆ. "ಪ್ಲೇಟ್ ಹೋಗ್ಯಾವ್ರಿ ಸರ್, ಪೂರಾ ಸೆಟ್ ಹಾಕಬೇಕಾಗ್ತೈತಿ" ಎಂದ. ಲಿವರ್ ಮುಟ್ಟಿ ಕೂಡ ನೋಡಿರಲಿಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ನಮ್ಮ ಕಾಕಾ ಮಾತ್ರ ಮೊದಲು ಮುಟ್ಟಿದ್ದೇ ಲಿವರ್. ಒಂದೇ ಬೆರಳಿನಿಂದ ಅಲ್ಲಾಡಿಸಿ ನೋಡಿದರು. "ಪ್ಲೇ ಎಲ್ಲೈತೋ ತಮ್ಮಾ ಇದಕ್ಕ? ಹಗಲು ರಾತ್ರಿ ಅರ್ಧ ಕ್ಲಚ್ ಹಿಡದಂಗ ಮಾಡಿಟ್ಟೀಯಲ್ಲೋ!" ಪ್ಲೇ ಎಂದರೆ ಲಿವರಿನ ಸಡಿಲ. ಕೆಳಗಿನ ನಟ್ಟು ಸ್ವಲ್ಪ ತಿರುಗಿಸಿದರು, ಅಷ್ಟೇ. ಗಾಡಿ ಮತ್ತೆ ಎಳೆಯತೊಡಗಿತು.

ಸಡಿಲ ಬಿಟ್ಟರೆ ಹಿಡಿತ ಬಂತು. ಇದು ಹೇಗೆ? ಒಳಗೆ ಏನಿದೆ ಎಂದು ನೋಡಿದರೆ ಒಗಟು ಬಿಡುತ್ತದೆ.

ಒಂದು ಕಡಕ್ ರೊಟ್ಟಿ, ಅದರ ಮೇಲೊಂದು ಸ್ಟೀಲ್ ತಾಟು, ಮತ್ತೆ ರೊಟ್ಟಿ, ಮತ್ತೆ ತಾಟು. ಬೈಕಿನ ಕ್ಲಚ್ ಇಂಥದ್ದೊಂದು ಅಟ್ಟಿ. ಬಳೆಯ ಆಕಾರದವು, ಮಧ್ಯೆ ತೂತು. ರೊಟ್ಟಿಯ ಜಾಗದಲ್ಲಿ ಇರುವುದು ಕ್ಲಚ್ ಪ್ಲೇಟು. ಅದರ ಎರಡೂ ಮೈಗೆ ಉಜ್ಜಿ ಹಿಡಿಯುವ ಒರಟು ಪದರ ಅಂಟಿಸಿರುತ್ತಾರೆ. ಕ್ಲಚ್ ಪ್ಲೇಟುಗಳು ಎಂಜಿನ್ ಜೊತೆ ತಿರುಗುತ್ತವೆ, ಸ್ಟೀಲ್ ಪ್ಲೇಟುಗಳು ಗೇರ್‌ಬಾಕ್ಸ್ ಜೊತೆ. ನಾಲ್ಕೈದು ಸ್ಪ್ರಿಂಗ್ ಸೇರಿ ಇಡೀ ಅಟ್ಟಿಯನ್ನು ಒತ್ತಿ ಹಿಡಿದಾಗ ಎಲ್ಲವೂ ಒಂದಾಗಿ ತಿರುಗುತ್ತವೆ. ಲಿವರ್ ಹಿಡಿದರೆ ವೈರ್ ಎಳೆಯುತ್ತದೆ, ಒಳಗಿನ ಒಂದು ರಾಡು ಅಟ್ಟಿಯನ್ನು ಒತ್ತುವ ಪ್ಲೇಟನ್ನು ತಳ್ಳುತ್ತದೆ, ಸ್ಪ್ರಿಂಗಿನ ಒತ್ತಡ ತಪ್ಪುತ್ತದೆ. ಆಗ ಎಂಜಿನ್ ಪಾಡಿಗೆ ಎಂಜಿನ್, ಚಕ್ರದ ಪಾಡಿಗೆ ಚಕ್ರ.

ಇಷ್ಟೊಂದು ಪ್ಲೇಟು ಯಾಕೆ, ಒಂದು ದೊಡ್ಡದು ಸಾಲದೇ? ಜಾಸ್ತಿ ಜಾಗ ತಾಗಿದರೆ ಜಾಸ್ತಿ ಹಿಡಿತ ಎಂದು ನಾವು ಅಂದುಕೊಳ್ಳುತ್ತೇವೆ. ಗಿಯೋಮ್ ಅಮೊಂಟೊನ್ಸ್ ಎಂಬ ಫ್ರೆಂಚ್ ವಿಜ್ಞಾನಿ 1699ರಲ್ಲೇ ಅದು ಹಾಗಲ್ಲ ಎಂದು ತೋರಿಸಿದ. ಘರ್ಷಣೆ ನಿಂತಿರುವುದು ಎಷ್ಟು ಬಲವಾಗಿ ಒತ್ತಿದ್ದೀರಿ ಎಂಬುದರ ಮೇಲೆ. ತಾಗಿದ ಜಾಗ ದೊಡ್ಡದೋ ಚಿಕ್ಕದೋ, ಅಷ್ಟು ವ್ಯತ್ಯಾಸ ಬರುವುದಿಲ್ಲ. ಅಟ್ಟಿಯ ಜಾಣತನ ಇಲ್ಲಿದೆ. ಮೇಲಿನಿಂದ ಒತ್ತಿದ ಬಲ ಪ್ರತಿ ಪ್ಲೇಟಿಗೂ ಪೂರ್ತಿಯಾಗಿಯೇ ದಾಟುತ್ತದೆ, ಹಂಚಿಹೋಗುವುದಿಲ್ಲ. ಐದು ಕ್ಲಚ್ ಪ್ಲೇಟು ಎಂದರೆ ಉಜ್ಜುವ ಮೈ ಹತ್ತು. ಅವೇ ಸ್ಪ್ರಿಂಗುಗಳಿಂದ ಒಂದೇ ಮೈಗಿಂತ ಹತ್ತು ಪಟ್ಟು ಹಿಡಿತ! ಅದಕ್ಕೇ ಇಷ್ಟು ಸಣ್ಣ ಡಬ್ಬಿಯೊಳಗಿನ ಸಾಮಾನು ಮೂವರನ್ನು ಕೂರಿಸಿಕೊಂಡ ಗಾಡಿಯನ್ನೂ ಎಳೆಯುತ್ತದೆ. (ಮೂವರು ಕೂರಬಾರದು, ಅದು ಬೇರೆ ಮಾತು.)

ಇನ್ನು ನನ್ನ ತಪ್ಪು. ವೈರ್ ಪೂರ್ತಿ ಬಿಗಿಯಾದರೆ ಲಿವರ್ ಬಿಟ್ಟಾಗಲೂ ಒಳಗಿನ ರಾಡು ಅಟ್ಟಿಯನ್ನು ಬಿಡಿಸಲು ತಳ್ಳುತ್ತಲೇ ಇರುತ್ತದೆ. ಸ್ಪ್ರಿಂಗಿನ ಬಲದಲ್ಲಿ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ. ಸಪಾಟು ರಸ್ತೆಯಲ್ಲಿ ಉಳಿದ ಬಲ ಸಾಕಾಗುತ್ತದೆ, ಗೊತ್ತೇ ಆಗುವುದಿಲ್ಲ. ಏರು ಬಂದಾಗ ಬಣ್ಣ ಬಯಲು. ಅದಕ್ಕೇ ಲಿವರ್ ತುದಿಯಲ್ಲಿ ಒಂದು ಸೆಂಟಿಮೀಟರಿನಿಂದ ಎರಡರವರೆಗೆ ಸುಮ್ನೆ ಆಡುವ ಸಡಿಲ ಬೇಕು. ನಿಮ್ಮ ಗಾಡಿಗೆ ಸರಿಯಾಗಿ ಎಷ್ಟು ಎಂಬುದು ಜೊತೆಗೆ ಕೊಟ್ಟ ಪುಸ್ತಕದಲ್ಲಿದೆ. ಆ ಪುಸ್ತಕ ಎಲ್ಲಿದೆ ಎಂದು ಮಾತ್ರ ಕೇಳಬೇಡಿ.

ಈ ಸಡಿಲ ತಾನಾಗಿಯೇ ಬದಲಾಗುತ್ತಿರುತ್ತದೆ. ವೈರ್ ಹಳೆಯದಾಗಿ ಹಿಗ್ಗಿದರೆ ಸಡಿಲ ಜಾಸ್ತಿಯಾಗುತ್ತದೆ. ಪ್ಲೇಟು ಸವೆದರೆ ಕಡಿಮೆಯಾಗುತ್ತದೆ, ಯಾಕೆಂದರೆ ಅಟ್ಟಿ ತೆಳುವಾದಷ್ಟೂ ಒತ್ತುವ ಪ್ಲೇಟು ರಾಡಿನ ಹತ್ತಿರ ಸರಿಯುತ್ತದೆ. ವೈರ್ ಮುಟ್ಟದೇ ಇದ್ದರೂ ಲಿವರ್ ವಾರದಿಂದ ವಾರಕ್ಕೆ ಬಿಗಿಯಾಗುತ್ತಿದ್ದರೆ ಒಳಗೆ ಸವೆತ ನಡೆದಿದೆ ಎಂದು ತಿಳಿಯಿರಿ.

ರೋಗ ಮುಖ್ಯವಾಗಿ ಎರಡು ತರ. ಒಂದು, ಹಿಡಿಯಬೇಕಾದಾಗ ಜಾರುವುದು. ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 40ರ ವೇಗದಲ್ಲಿ ಹೋಗುತ್ತಾ ಎಕ್ಸಲೇಟರ್ ಗಟ್ಟಿಯಾಗಿ ತಿರುವಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಜಾರುತ್ತಿದೆ. ಇನ್ನೊಂದು, ಬಿಡಬೇಕಾದಾಗ ಅಂಟಿಕೊಳ್ಳುವುದು. ಸಿಗ್ನಲ್‌ನಲ್ಲಿ ನಿಂತಾಗ ನ್ಯೂಟ್ರಲ್ ಸಿಗದೆ ಒದ್ದಾಡುತ್ತೀರಿ, ಕ್ಲಚ್ ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆ ಜಗ್ಗುತ್ತದೆ. ಚಳಿಗಾಲದ ಬೆಳಿಗ್ಗೆ ಮೊದಲ ಗೇರಿಗೆ 'ಟಕ್' ಎಂದರೆ ಹೆದರಬೇಡಿ, ತಣ್ಣಗಿನ ಆಯಿಲ್ ದಪ್ಪವಾಗಿ ಪ್ಲೇಟುಗಳನ್ನು ಅಂಟಿಸಿರುತ್ತದೆ. ಎಂಜಿನ್ ಬಿಸಿಯಾದ ಮೇಲೂ ಹಾಗೇ ಇದ್ದರೆ ಮೊದಲು ವೈರ್ ನೋಡಿ. ಲಿವರಿನ ಹತ್ತಿರ, ವೈರಿನ ತುದಿಯ ಗುಂಡು ಕೂರುವಲ್ಲಿ, ಎಳೆಗಳು ಒಂದೊಂದೇ ಹರಿಯುತ್ತವೆ. ಒಂದು ಎಳೆ ಹರಿದಿದ್ದು ಕಂಡರೂ ವೈರ್ ಬದಲಿಸಿ, ಇಲ್ಲದಿದ್ದರೆ ಊರಿನಿಂದ ದೂರದಲ್ಲೇ ಅದು ಪೂರ್ತಿ ಹರಿಯುವುದು. ಎಳೆಗಳು ಚೆನ್ನಾಗಿದ್ದು ಬರೀ ಬಿರುಸಾಗಿದ್ದರೆ ಮೇಲಿನ ತುದಿ ಬಿಚ್ಚಿ, ಪ್ಲಾಸ್ಟಿಕ್ ಹಾಳೆಯನ್ನು ಶೇಂಗಾ ಪೊಟ್ಟಣದಂತೆ ಸುತ್ತಿ ಟೇಪಿನಿಂದ ಬಿಗಿದು, ಎರಡು ಚಮಚ ಆಯಿಲ್ ಹಾಕಿ ರಾತ್ರಿ ಬಿಟ್ಟುಬಿಡಿ. ಬೆಳಿಗ್ಗೆ ಕೆಳಗಿನ ತುದಿಯಲ್ಲಿ ಕರಿ ಹನಿ ಇಳಿದಿರುತ್ತದೆ.

ಆಯಿಲ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಹೆಚ್ಚಿನ ಬೈಕುಗಳಲ್ಲಿ ಎಂಜಿನ್ನಿಗೂ ಕ್ಲಚ್ಚಿಗೂ ಒಂದೇ ಆಯಿಲ್. ಕಾರಿಗೆ ಹಾಕಿ ಉಳಿದಿದ್ದನ್ನು ಬೈಕಿಗೆ ಸುರಿಯುವವರಿದ್ದಾರೆ. ಎಷ್ಟೋ ಕಾರ್ ಆಯಿಲ್‌ಗಳಲ್ಲಿ ಪೆಟ್ರೋಲ್ ಉಳಿಸಲೆಂದು ಜಾರುವ ಗುಣ ಹೆಚ್ಚಿಸುವ ಸಾಮಾನು ಬೆರೆಸಿರುತ್ತಾರೆ. ಬೇರಿಂಗಿಗೆ ಅದು ಒಳ್ಳೆಯದು, ಕ್ಲಚ್ಚಿಗೆ ಕೇಡು. ಡಬ್ಬಿಯ ಮೇಲೆ 'ಜಾಸೊ ಎಂಎ' ಅಥವಾ 'ಎಂಎ2' ಎಂದಿದೆಯೇ ನೋಡಿ. ಜಪಾನಿನವರು ಬೈಕಿನ ಕ್ಲಚ್ಚಿಗೆಂದೇ ಮಾಡಿದ ಗುರುತು ಅದು. 'ಎಂಬಿ' ಎಂದಿದ್ದರೆ ಅದು ಇಂಥ ಕ್ಲಚ್ ಇಲ್ಲದ ಸ್ಕೂಟರಿಗೆ.

ಅರ್ಧ ಕ್ಲಚ್ಚಿನ ಶಾಖ ಎಷ್ಟಿರುತ್ತದೆ? ಗಾಡಿ, ಸವಾರ, ಚೀಲ ಎಲ್ಲ ಸೇರಿ 200 ಕೆಜಿ ಎಂದಿಟ್ಟುಕೊಳ್ಳಿ. ನಿಂತಲ್ಲಿಂದ ಗಂಟೆಗೆ 15 ಕಿಮೀ ವೇಗಕ್ಕೆ ಬರಲು ಅದಕ್ಕೆ ಬೇಕಾದ ಶಕ್ತಿ ಸುಮಾರು 1,700 ಜೂಲ್. ಕ್ಲಚ್ ಜಾರಿಸುತ್ತಾ ಹೊರಟಾಗ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಪ್ಲೇಟುಗಳ ನಡುವೆ ಶಾಖವಾಗುತ್ತದೆ. ಒಂದು ಚಿಕ್ಕ ಚಮಚ ತಣ್ಣೀರನ್ನು ಕುದಿಯ ಹಂತಕ್ಕೆ ತರಲು ಅಷ್ಟು ಸಾಕು. ಟ್ರ್ಯಾಕ್ಟರ್ ಹಿಂದೆ ಐವತ್ತು ಸಲ ನಿಂತು ಹೊರಟರೆ ಒಂದು ದೊಡ್ಡ ಲೋಟ ಕುದಿಯುವ ನೀರು.

ಮರುವರ್ಷದ ಹಂಗಾಮಿನಲ್ಲಿ ನನ್ನ ಪ್ಲೇಟುಗಳು ನಿಜಕ್ಕೂ ಹೋದವು. ಈ ಸಲ ಅಂಗಳದಲ್ಲೇ ಬಿಚ್ಚಿದೆವು. ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು, ಒಂದನ್ನೇ ಪೂರ್ತಿ ಬಿಚ್ಚಿದರೆ ಪ್ಲೇಟು ಓರೆಯಾಗುತ್ತದೆ ಎಂದರು ಕಾಕಾ. ಸ್ಟೀಲ್ ಪ್ಲೇಟುಗಳಲ್ಲಿ ಎರಡು ನವಿಲಿನ ಕುತ್ತಿಗೆಯಂತೆ ನೀಲಿಯಾಗಿದ್ದವು. ಅದು ಬಣ್ಣವಲ್ಲ. ಉಕ್ಕು 300 ಡಿಗ್ರಿ ಆಸುಪಾಸು ಕಾದಾಗ ಮೇಲೆ ಮೂಡುವ ತೀರ ತೆಳುವಾದ ಆಕ್ಸೈಡ್ ಪೊರೆಯಲ್ಲಿ ಬೆಳಕು ಆಡುವ ಆಟ. ಕುಡಗೋಲಿಗೆ ಹದ ಹಾಕುವ ಕಮ್ಮಾರ ಇದೇ ಬಣ್ಣ ನೋಡಿ ಬಿಸಿ ಅಳೆಯುತ್ತಾನೆ. ಕಾಕಾ ಅವನ್ನು ಕಿಟಕಿಯ ಗಾಜಿನ ಮೇಲೆ ಇಟ್ಟು ಬೆರಳಿಂದ ತಟ್ಟಿದರು. ಒಂದು ಅಲ್ಲಾಡದೆ ಕೂತಿತು, ಇನ್ನೊಂದು ಟಕಟಕ ಎಂದಿತು. ಸೊಟ್ಟಗಾಗಿತ್ತು. ಎರಡನ್ನೂ ತೆಗೆದಿಟ್ಟರು.

ಹೊಸ ಕ್ಲಚ್ ಪ್ಲೇಟುಗಳನ್ನು ಒಣಗಿದ್ದಂತೆಯೇ ಹಾಕಬಾರದು. ಮೊದಲ ಸಲ ಉಜ್ಜಿದಾಗಲೇ ಸುಟ್ಟುಕೊಳ್ಳಬಹುದು. ರಾತ್ರಿಯಿಡೀ ಎಂಜಿನ್ ಆಯಿಲ್‌ನಲ್ಲಿ ನೆನೆಹಾಕಬೇಕು. ಅಗಲವಾದ ಪಾತ್ರೆ ಬೇಕು ಎಂದರು ಕಾಕಾ. ಅಡುಗೆಮನೆಯಲ್ಲಿ ಕಣ್ಣಿಗೆ ಬಿದ್ದ ಬೋಗುಣಿ ತಂದುಕೊಟ್ಟೆ. ಗಾಡಿ ಈಗ ಯಲ್ಲಮ್ಮನ ಗುಡ್ಡ ಆರಾಮಾಗಿ ಹತ್ತುತ್ತದೆ. ಬೋಗುಣಿ ಮಾತ್ರ ಅಂಗಳದಲ್ಲೇ ಇದೆ, ಒಳಗೆ ತರಲು ಇನ್ನೂ ಅಪ್ಪಣೆ ಸಿಕ್ಕಿಲ್ಲ.