ಆಟ ರುಚಿಸಲಿಲ್ಲ, ದುಡ್ಡು ವಾಪಸ್ ಕೊಡಿ

ನಮ್ಮ ಶಿರಸಿ ಕಡೆ ಆಟ ಅಂದರೆ ಯಕ್ಷಗಾನ. ಹಾಗಾಗಿ ಕಳೆದ ಮಳೆಗಾಲದಲ್ಲಿ ಸಿದ್ದಾಪುರ ಕಡೆಯ ತೋಟದವರೊಬ್ಬರು ಆಫೀಸಿಗೆ ಬಂದು, "ವಕೀಲ್ರೇ, ಮಾಣಿ ಒಂದು ಆಟಕ್ಕೆ ಮೂರೂವರೆ ಸಾವಿರ ಕೊಟ್ಟು ಕೂತಿದ್ದಾನೆ, ವಾಪಸ್ ಬರ್ತದಾ ನೋಡಿ" ಅಂದಾಗ ನಾನು ಯೋಚಿಸಿದ್ದು, ಇಷ್ಟು ದುಬಾರಿ ಟಿಕೆಟ್ ಯಾವ ಮೇಳದ್ದಪ್ಪಾ ಅಂತ. ಹಿಂದೆ ಆ ಮಾಣಿ, ಅಂದರೆ ಹುಡುಗ, ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ. ಆಮೇಲೆ ಗೊತ್ತಾಯಿತು, ಇದು ವಿಡಿಯೋ ಗೇಮ್.

ಅಡಿಕೆ ಸುಲಿದು ಕೂಡಿಟ್ಟ ದುಡ್ಡು ಅದು. ಆನ್‌ಲೈನ್ ಅಂಗಡಿಯಲ್ಲಿ ಗೇಮ್ ಕೊಂಡಿದ್ದಾನೆ, ಅವರ ಮನೆಯ ನೆಟ್‌ವರ್ಕಿನಲ್ಲಿ ಇಳಿಸಿಕೊಳ್ಳಲು ನಾಲ್ಕು ರಾತ್ರಿ ಹಿಡಿದಿದೆ, ಶುರು ಮಾಡಿದರೆ ಒಂದೇ ಜಾಗಕ್ಕೆ ಬಂದು ಪಟ್ ಅಂತ ಮುಚ್ಚಿಹೋಗುತ್ತದೆ. ಸೆಟ್ಟಿಂಗ್ಸ್ ತಗ್ಗಿಸಿದ, ಡ್ರೈವರ್ ಸಾಫ್ಟ್‌ವೇರ್ ಹೊಸದು ಹಾಕಿದ, ತೆಗೆದು ಮತ್ತೆ ಹಾಕಿದ. ಪ್ರತಿ ಸಲ ತೆರೆದು ನೋಡಿದ್ದೂ ಲೆಕ್ಕಕ್ಕೆ ಸೇರಿ, "ಆಡಿದ ಸಮಯ" ನಾಲ್ಕು ಗಂಟೆ ದಾಟಿತ್ತು. ರಿಫಂಡ್ ಕೇಳಿದರೆ ಅಂಗಡಿಯವರ ಉತ್ತರ ಒಂದೇ ಸಾಲು: ಎರಡು ಗಂಟೆ ಮೀರಿದೆ, ಆಗುವುದಿಲ್ಲ. ಅಂಗಡಿಯ ಹೆಸರು ಇಲ್ಲಿ ಬೇಡ.

ಈ ಎರಡು ಗಂಟೆ ಎಲ್ಲಿಂದ ಬಂತು? ಗೇಮ್ ಮಾರುವ ದೊಡ್ಡ ಆನ್‌ಲೈನ್ ಅಂಗಡಿ ಸ್ಟೀಮ್ 2015ರ ಜೂನ್‌ನಲ್ಲಿ ಈ ಪದ್ಧತಿ ತಂದಿತು. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ, ಕಾರಣ ಏನೇ ಇರಲಿ, ದುಡ್ಡು ವಾಪಸ್. ಎಪಿಕ್ ಅನ್ನುವ ಅಂಗಡಿಯಲ್ಲೂ ಹೆಚ್ಚುಕಮ್ಮಿ ಇದೇ. ಗಾಗ್ ಅನ್ನುವ ಇನ್ನೊಂದು ಅಂಗಡಿ 2020ರಲ್ಲಿ 30 ದಿನ ಕೊಟ್ಟಿತು, ಇಳಿಸಿಕೊಂಡು ಆಡಿದ್ದರೂ ಸರಿ. ಸೋನಿ ಕಂಪನಿಯ ಗೇಮ್ ಯಂತ್ರ ಪ್ಲೇಸ್ಟೇಷನ್‌ನ ಅಂಗಡಿಯಲ್ಲಿ ಮಾತ್ರ ಡೌನ್‌ಲೋಡ್ ಶುರುವಾದರೆ ಮುಗಿಯಿತು, ಗೇಮ್‌ನಲ್ಲಿ ದೋಷ ಇದ್ದರಷ್ಟೇ ಮಾತು. ಪ್ಯಾಕೆಟ್ ಒಡೆಯುವ ಮೊದಲೇ ರುಚಿ ಹೇಳಿ ಅಂದ ಹಾಗೆ!

ಇಲ್ಲಿ ಜನ ಎರಡು ಬೇರೆ ಬೇರೆ ದೂರುಗಳನ್ನು ಕಲಸಿಬಿಡುತ್ತಾರೆ. ಆಟ ರುಚಿಸಲಿಲ್ಲ ಅನ್ನುವುದು ಒಂದು. ಹೇಳಿದ ಆಟ ಕೊಡಲಿಲ್ಲ ಅನ್ನುವುದು ಇನ್ನೊಂದು. ಟೆಂಟ್ ಆಟ ನೋಡಿ ಪದ್ಯ ಸಪ್ಪೆ ಅನ್ನಿಸಿದರೆ ಗೊಣಗುತ್ತಾ ಮನೆಗೆ ಬರುತ್ತೇವೆ, ಟಿಕೆಟ್ ದುಡ್ಡು ಕೇಳುವುದಿಲ್ಲ. ಆದರೆ ಪೋಸ್ಟರ್‌ನಲ್ಲಿ ದೊಡ್ಡದಾಗಿ ಹಾಕಿದ ಕಲಾವಿದರು ಬರಲೇ ಇಲ್ಲ, ನಡುರಾತ್ರಿಗೆ ಜನರೇಟರ್ ಕೈಕೊಟ್ಟು ಆಟ ಅಲ್ಲಿಗೇ ನಿಂತಿತು ಅಂದರೆ ಕೌಂಟರ್ ಮುಂದೆ ಗಲಾಟೆ ಆಗದೇ ಇರುತ್ತದಾ? ಎರಡು ಗಂಟೆಯ ಗಡಿಯಾರ ರುಚಿಗೆ ಸರಿ. ದೋಷಕ್ಕೆ ಗಡಿಯಾರ ಇಡುವುದು ತಪ್ಪು, ನನ್ನ ತಕರಾರು ಇಷ್ಟೇ.

ದೊಡ್ಡವರೇ ಇದನ್ನು ಒಪ್ಪಿಕೊಂಡ ಉದಾಹರಣೆ ಇದೆ. ಸೈಬರ್‌ಪಂಕ್ 2077 ಅನ್ನುವ ಗೇಮ್ ಬಂದದ್ದು 2020ರ ಡಿಸೆಂಬರ್ 10ಕ್ಕೆ. ಹಳೆಯ ಪ್ಲೇಸ್ಟೇಷನ್ 4ರಲ್ಲಿ ಅದರ ಅವಸ್ಥೆ ಎಷ್ಟು ಕೆಟ್ಟಿತ್ತು ಅಂದರೆ, ಸುಮಾರು ಒಂದು ವಾರದಲ್ಲೇ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದು, ತನ್ನಲ್ಲಿ ಕೊಂಡವರಿಗೆ ಪೂರ್ತಿ ದುಡ್ಡು ಕೊಡುತ್ತೇನೆ ಅಂದಿತು. ಡೌನ್‌ಲೋಡ್ ನಿಯಮ ಅಡ್ಡ ಬರಲಿಲ್ಲ. ಗೇಮ್ ಮತ್ತೆ ಆ ಅಂಗಡಿಗೆ ಬಂದದ್ದು 2021ರ ಜೂನ್‌ನಲ್ಲಿ. ಆಸ್ಟ್ರೇಲಿಯಾದಲ್ಲಂತೂ ಅಲ್ಲಿನ ಗ್ರಾಹಕ ಆಯೋಗ ಸ್ಟೀಮ್ ನಡೆಸುವ ವಾಲ್ವ್ ಮೇಲೆ 2014ರಲ್ಲೇ ಕೇಸು ಹಾಕಿತು. ರಿಫಂಡ್ ಇಲ್ಲ ಅಂತ ಷರತ್ತಿನಲ್ಲಿ ಬರೆದುಕೊಂಡರೆ ಕಾನೂನು ಕೊಟ್ಟ ಹಕ್ಕು ಹೋಗುವುದಿಲ್ಲ ಅಂತ ತೀರ್ಪಾಗಿ, 2016ರಲ್ಲಿ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು.

ನಮ್ಮಲ್ಲಿ 2019ರ ಗ್ರಾಹಕ ರಕ್ಷಣಾ ಕಾಯಿದೆ ಇದೆ. ಇ-ಕಾಮರ್ಸ್ ಅನ್ನುವುದರಲ್ಲಿ ಡಿಜಿಟಲ್ ಉತ್ಪನ್ನವೂ ಸೇರುತ್ತದೆ ಅಂತ ಅದರಲ್ಲಿ ಬರೆದಿದೆ. ದೋಷದ ವಸ್ತು ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ 30 ದಿನ ಅಂತ ಲೆಕ್ಕ. ಆದರೆ ಇಷ್ಟ ಆಗಲಿಲ್ಲ ಅಂದವರಿಗೆ ಈ ಕಾಯಿದೆಯಲ್ಲಿ ಏನೂ ಇಲ್ಲ. ಅದು ಅಂಗಡಿಯವರ ಒಳ್ಳೆಯತನ ಅಷ್ಟೇ.

ಮಾಣಿಯ ಮೊದಲ ಮೇಲ್ ನೋಡಿದೆ. "ಗೇಮ್ ತುಂಬಾ ಬೇಜಾರು, ದುಡ್ಡು ದಂಡ" ಅಂತ ಬರೆದಿದ್ದ. ತಾನಾಗಿಯೇ ಹೋಗಿ ರುಚಿಯ ಸಾಲಿನಲ್ಲಿ ನಿಂತಿದ್ದಾನೆ! ಕೂರಿಸಿ ಮತ್ತೆ ಬರೆಸಿದೆ. ಮಾರುವ ಪುಟದಲ್ಲಿ ಕನಿಷ್ಠ ಎಷ್ಟು ರ‍್ಯಾಮ್, ಯಾವ ಗ್ರಾಫಿಕ್ಸ್ ಕಾರ್ಡ್ ಬೇಕು ಅಂತಿದೆಯೋ ಅದರ ಸ್ಕ್ರೀನ್‌ಶಾಟ್, ಅವನ ಲ್ಯಾಪ್‌ಟಾಪ್‌ನಲ್ಲಿ ಅದಕ್ಕಿಂತ ಜಾಸ್ತಿಯೇ ಇರುವುದಕ್ಕೆ ಇನ್ನೊಂದು, ಮುಚ್ಚಿಹೋಗುವಾಗ ಬರುವ ಸಂದೇಶ, ಯಾವ ದಿನ ಏನು ಮಾಡಿ ನೋಡಿದ ಅನ್ನುವ ಪಟ್ಟಿ. ಎಂಟು ದಿನಕ್ಕೆ ದುಡ್ಡು ಬಂತು. ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಅದೂ ಆಗದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗೆ ಫೀ ಇಲ್ಲ, ಎರಡು ವರ್ಷದೊಳಗೆ ಹಾಕಬಹುದು, ನೀವಿರುವ ಜಿಲ್ಲೆಯಲ್ಲೇ ಹಾಕಬಹುದು, ಆನ್‌ಲೈನ್ ಕೂಡ ಇದೆ. ಇಲ್ಲದಿದ್ದರೆ ಮೂರೂವರೆ ಸಾವಿರಕ್ಕೆ ಮಳೆಯಲ್ಲಿ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಯಾರು ಹೋಗುತ್ತಾರೆ?

ಇದನ್ನು ಕೇಳಿ ಅವನ ಗೆಳೆಯನೊಬ್ಬ ಬಂದ. ನಲವತ್ತು ಗಂಟೆ ಆಡಿ ಮುಗಿಸಿದ್ದಾನೆ, ಕೊನೆ ಚೆನ್ನಾಗಿಲ್ಲವಂತೆ. ಊಟ ಮುಗಿಸಿ ಎಲೆ ಎತ್ತಿದ ಮೇಲೆ ಸಾರಿಗೆ ಉಪ್ಪು ಕಮ್ಮಿ ಅಂತೀಯಲ್ಲಪ್ಪ ಅಂದು ಕಳಿಸಿದೆ. ತಮಾಷೆಯಲ್ಲ ಇದು. 2021ರಲ್ಲಿ ಎಮಿಕಾ ಗೇಮ್ಸ್ ಎಂಬ ಪುಟ್ಟ ಸಂಸ್ಥೆ ಸಮರ್ ಆಫ್ 58 ಅನ್ನುವ ಹೆದರಿಸುವ ಗೇಮ್ ತಂದಿತು. ಎರಡು ಗಂಟೆಯೊಳಗೇ ಮುಗಿಯುವಂಥದ್ದು. ಪೂರ್ತಿ ಆಡಿ, ಒಳ್ಳೆಯ ಮಾತನ್ನೂ ಬರೆದು, ರಿಫಂಡ್ ತೆಗೆದುಕೊಂಡವರು ಎಷ್ಟು ಮಂದಿ ಅಂದರೆ, ಮಾಡಿದವರು ಗೇಮ್ ಮಾಡುವುದನ್ನೇ ನಿಲ್ಲಿಸುತ್ತೇವೆ ಅಂದರು. ಸಣ್ಣ ಗೇಮ್‌ಗೂ ದೊಡ್ಡ ಗೇಮ್‌ಗೂ ಒಂದೇ ಗಡಿಯಾರ ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆ, ಅಲ್ವಾ?

ಮಾಣಿ ಬಂದ ದುಡ್ಡಲ್ಲಿ ಇನ್ನೊಂದು ಗೇಮ್ ಕೊಂಡನಂತೆ. ಈ ಸಲ ಕೊಳ್ಳುವ ಮೊದಲೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ನನಗೆ ವಾಟ್ಸಾಪ್ ಮಾಡಿದ್ದಾನೆ, ಕೇಳದೇ.