ಬ್ಯಾಂಕು ಬೀದಿಯಲ್ಲೇ ಇತ್ತು, ಖಾತೆ ದೂರವಿತ್ತು: ನಗರದ ಬಡವರ ಬ್ಯಾಂಕಿಂಗ್ ನಡೆದುಬಂದ ದಾರಿ

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಂಥ ಕಡೆ ತಳ್ಳುಗಾಡಿ ವ್ಯಾಪಾರಿಗಳು ದಿನದ ಬಡ್ಡಿಗೆ ದುಡ್ಡು ತರುವ ಲೆಕ್ಕ ಹೀಗಿದೆ: ನಸುಕಿನಲ್ಲಿ 900 ರೂಪಾಯಿ ಕೈಗೆ ಬರುತ್ತದೆ, ಸಂಜೆ 1,000 ರೂಪಾಯಿ ವಾಪಸು ಕೊಡಬೇಕು. ವರ್ಷದಲ್ಲಿ 300 ದಿನ ಹೀಗೆ ನಡೆದರೆ 900 ರೂಪಾಯಿಯ ಬಂಡವಾಳಕ್ಕೆ ಕಟ್ಟಿದ ಬಡ್ಡಿಯೇ 30,000. ಪರವಾನಗಿ ಪಡೆದ ಲೇವಾದೇವಿಗಾರರು ಅಡಮಾನವಿಲ್ಲದ ಸಾಲಕ್ಕೆ ವರ್ಷಕ್ಕೆ ಶೇ 16ಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂಬ ನಿಯಮ ಕರ್ನಾಟಕದಲ್ಲಿದೆ. ಮಾರುಕಟ್ಟೆಯ ಸುತ್ತ ಬ್ಯಾಂಕುಗಳಿಗೂ ಬರವಿಲ್ಲ. ಹಾಗಿದ್ದೂ ಈ ವ್ಯವಹಾರ ಯಾಕೆ ನಿಂತಿಲ್ಲ ಎಂದು ಅರಿಯಲು ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು.

1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ (ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು) ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ದಿನಾ ಮನೆಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಂಡು ಹೋಗುತ್ತಿದ್ದರು. ದಿನಗೂಲಿಯವರ ಸಂಪಾದನೆ ದಿನಕ್ಕೆ ಬರುತ್ತದೆ, ದಿನಕ್ಕೇ ಖರ್ಚಾಗುತ್ತದೆ. ಉಳಿತಾಯವೂ ಆ ದಿನವೇ, ಅವರಿರುವ ಜಾಗದಲ್ಲೇ ಆಗಬೇಕು. ಪಿಗ್ಮಿ ಇದನ್ನು ಸರಿಯಾಗಿ ಹಿಡಿದಿತ್ತು. ನಂತರ ಬಂದ ದೊಡ್ಡ ಯೋಜನೆಗಳಲ್ಲಿ ಹೆಚ್ಚಿನವು ಇದನ್ನು ಮರೆತವು ಎಂಬುದೇ ಈ ಇತಿಹಾಸದ ದೊಡ್ಡ ಕೊರತೆ.

1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಕರ್ನಾಟಕ ಮೂಲದ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. ಬ್ಯಾಂಕಿಲ್ಲದ ಊರಿಗೆ ಬ್ಯಾಂಕು ಒಯ್ಯುವುದೇ ಅಂದಿನ ಗುರಿ. 1977ರಲ್ಲಿ ಬಂದ ನಿಯಮದ ಪ್ರಕಾರ, ಬ್ಯಾಂಕಿರುವ ಊರಲ್ಲಿ ಒಂದು ಹೊಸ ಶಾಖೆ ಬೇಕಿದ್ದರೆ ಬ್ಯಾಂಕಿಲ್ಲದ ಕಡೆ ನಾಲ್ಕು ತೆರೆಯಬೇಕಿತ್ತು. ಹಳ್ಳಿಗಳಿಗೆ ಇದರಿಂದ ಒಳ್ಳೆಯದೇ ಆಯಿತು. ಆದರೆ ಈ ಲೆಕ್ಕದಲ್ಲಿ ಬೆಂಗಳೂರು, ಹುಬ್ಬಳ್ಳಿಯಂಥ ನಗರಗಳು ‘ಬ್ಯಾಂಕಿರುವ ಊರು’ಗಳಾದ್ದರಿಂದ, ಅಲ್ಲಿನ ಕೊಳೆಗೇರಿಗಳ ಜನ ಯಾರ ಪಟ್ಟಿಗೂ ಬರಲಿಲ್ಲ. ಅವರಿಗೆ ಅಡ್ಡ ನಿಂತದ್ದು ದೂರವಲ್ಲ, ಕಾಗದ. ಖಾತೆ ತೆರೆಯಲು ಆಗಲೇ ಖಾತೆ ಇರುವವರೊಬ್ಬರ ಪರಿಚಯದ ಸಹಿ ಬೇಕಿತ್ತು, ವಿಳಾಸದ ಪುರಾವೆ ಬೇಕಿತ್ತು. ಬಾಡಿಗೆ ಕರಾರು ಬಾಯಿಮಾತಿನಲ್ಲೇ ಮುಗಿಯುವ ಶೆಡ್ಡಿನಲ್ಲಿ ಇರುವವರು, ಕೆಲಸ ಮುಗಿದಂತೆ ಜಾಗ ಬದಲಿಸುವ ಕಟ್ಟಡ ಕಾರ್ಮಿಕರು ಅದನ್ನು ಎಲ್ಲಿಂದ ತರಬೇಕು?

2005ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಕನಿಷ್ಠ ಶಿಲ್ಕಿನ ಹಂಗಿಲ್ಲದ ‘ನೋ ಫ್ರಿಲ್ಸ್’ ಖಾತೆ ಕೊಡಿ ಎಂದಿತು. ಮರುವರ್ಷ, ಶಾಖೆಯ ಹೊರಗೆ ಬ್ಯಾಂಕಿನ ಪರವಾಗಿ ಹಣ ಪಡೆದು ಕೊಡುವ ಪ್ರತಿನಿಧಿಗಳಿಗೆ, ಅಂದರೆ ಈಗಿನ ಬ್ಯಾಂಕ್ ಮಿತ್ರರಿಗೆ, ದಾರಿ ಮಾಡಿಕೊಟ್ಟಿತು. 2010ರ ಕೊನೆಗೆ ‘ಸಣ್ಣ ಖಾತೆ’ ಬಂತು: ಅಧಿಕೃತ ದಾಖಲೆ ಇಲ್ಲದಿದ್ದರೂ ಫೋಟೊ ಮತ್ತು ಸಹಿ ಅಥವಾ ಹೆಬ್ಬೆಟ್ಟು ಕೊಟ್ಟರೆ ಸಾಕು. ಆದರೆ ಶಿಲ್ಕು 50,000 ರೂಪಾಯಿ, ವರ್ಷದ ಜಮೆ ಒಂದು ಲಕ್ಷ, ತಿಂಗಳ ಹಿಂತೆಗೆತ 10,000 ದಾಟುವಂತಿಲ್ಲ. ದಿನಕ್ಕೆ 2,000 ರೂಪಾಯಿ ವಹಿವಾಟಿರುವ ಸೊಪ್ಪಿನ ವ್ಯಾಪಾರಿಗೆ ಜಮೆಯ ಮಿತಿ ಎರಡೇ ತಿಂಗಳಲ್ಲಿ ಮುಗಿಯುತ್ತದೆ. 2012ರಲ್ಲಿ ನೋ ಫ್ರಿಲ್ಸ್ ಬದಲು ಮೂಲ ಉಳಿತಾಯ ಖಾತೆ ಬಂತು. ಕನಿಷ್ಠ ಶಿಲ್ಕು ಬೇಡ, ಎಟಿಎಂ ಕಾರ್ಡ್ ಉಚಿತ, ತಿಂಗಳಿಗೆ ನಾಲ್ಕು ಹಿಂತೆಗೆತ ಉಚಿತ. ಈ ಖಾತೆ ಇದ್ದವರು ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ.

2014ರ ಆಗಸ್ಟ್ 28ರಂದು ಶುರುವಾದ ಜನಧನ ಯೋಜನೆ ಇದೇ ಮೂಲ ಖಾತೆಯನ್ನು ಕೋಟಿಗಟ್ಟಲೆ ಜನರಿಗೆ ಮುಟ್ಟಿಸಿತು; 2023ರ ಹೊತ್ತಿಗೆ ಖಾತೆಗಳು 50 ಕೋಟಿ ದಾಟಿದವು. ಆಧಾರ್ ಒಂದಿದ್ದರೆ ಪರಿಚಯದ ಸಹಿಯೂ ಬೇಡ, ಬಾಡಿಗೆ ಕರಾರೂ ಬೇಡ. ಅರ್ಹರಿಗೆ, ಖಾತೆಯಲ್ಲಿ ಹಣವಿಲ್ಲದಿದ್ದರೂ ಸಾಲವಾಗಿ ತೆಗೆಯಬಹುದಾದ, 10,000 ರೂಪಾಯಿವರೆಗೆ ಓವರ್‌ಡ್ರಾಫ್ಟ್ ಕೂಡ ಉಂಟು. ರೂಪೇ ಕಾರ್ಡಿನ ಅಪಘಾತ ವಿಮೆಗೆ ಮಾತ್ರ ಒಂದು ಷರತ್ತಿದೆ: ಅಪಘಾತಕ್ಕೆ ಹಿಂದಿನ 90 ದಿನಗಳೊಳಗೆ ಕಾರ್ಡನ್ನು ಒಮ್ಮೆಯಾದರೂ ಬಳಸಿರಬೇಕು. ಕಾರ್ಡನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟವರ ಮನೆಯವರಿಗೆ ವಿಮೆ ಕೈತಪ್ಪುವುದು ಇಲ್ಲಿಯೇ.

ಖಾತೆ ಇರುವುದಕ್ಕೂ ಹಣ ಕೈಗೆ ಬರುವುದಕ್ಕೂ ಇರುವ ಅಂತರ ಕರ್ನಾಟಕದಲ್ಲಿ ಎದ್ದು ಕಂಡದ್ದು 2023ರಲ್ಲಿ. ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ಬದಲು ತಲೆಗೆ 170 ರೂಪಾಯಿ, ಆಗಸ್ಟ್ ಕೊನೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ನೇರವಾಗಿ ಖಾತೆಗೆ ಬರತೊಡಗಿತು. ‘ಆಧಾರ್ ಲಿಂಕ್ ಮಾಡಿಸಿದ್ದೇನೆ, ದುಡ್ಡು ಬಂದಿಲ್ಲ’ ಎಂಬ ದೂರು ಎಲ್ಲೆಡೆ ಕೇಳಿಬಂತು. ಲಿಂಕ್ ಎನ್ನುವುದರಲ್ಲಿ ಎರಡು ಬೇರೆ ಕೆಲಸಗಳಿವೆ. ಒಂದು, ಬ್ಯಾಂಕು ಕೆವೈಸಿಗಾಗಿ, ಅಂದರೆ ಗ್ರಾಹಕರ ಗುರುತು ಖಚಿತಪಡಿಸಿಕೊಳ್ಳಲು, ಆಧಾರ್ ಸಂಖ್ಯೆಯನ್ನು ತನ್ನಲ್ಲಿ ದಾಖಲಿಸಿಕೊಳ್ಳುವುದು. ಇನ್ನೊಂದು, ಈ ಆಧಾರ್‌ಗೆ ಬರುವ ಹಣ ಈ ಬ್ಯಾಂಕಿಗೆ ಹೋಗಲಿ ಎಂದು, ಬ್ಯಾಂಕುಗಳ ನಡುವಿನ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಪಟ್ಟಿಗೆ ಸೇರಿಸುವುದು, ಅಂದರೆ ಸೀಡಿಂಗ್. ಸರ್ಕಾರದ ಹಣಕ್ಕೆ ಬೇಕಾದದ್ದು ಎರಡನೆಯದು. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಕೊನೆಗೆ ಸೀಡ್ ಆದದ್ದೇ ಲೆಕ್ಕ. ರಾಯಚೂರಿನಲ್ಲಿ ಖಾತೆಯಿದ್ದು, ಬೆಂಗಳೂರಿಗೆ ದುಡಿಯಲು ಬಂದು ಇನ್ನೊಂದು ತೆರೆಯುವಾಗ ಫಾರಂನ ಒಪ್ಪಿಗೆ ಚೌಕಕ್ಕೆ ಗುರುತು ಬಿದ್ದಿದ್ದರೆ ಹಣ ಹೊಸ ಖಾತೆಗೆ ತಿರುಗಿರುತ್ತದೆ. ಹಳೆಯ ಪಾಸ್‌ಬುಕ್ ಹಿಡಿದು ತಿಂಗಳುಗಟ್ಟಲೆ ಅಲೆದವರಲ್ಲಿ ಕೆಲವರ ಹಣ ಇನ್ನೊಂದು ಖಾತೆಯಲ್ಲಿ ಕೂಡಿಬಿದ್ದಿತ್ತು.

ಇದನ್ನು ತಿಳಿಯಲು ಮೈಆಧಾರ್ ಜಾಲತಾಣಕ್ಕೆ ಒಟಿಪಿ ಕೊಟ್ಟು ಒಳಹೋಗಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಬೇಕು. ಯಾವ ಬ್ಯಾಂಕು, ಚಾಲ್ತಿಯಲ್ಲಿದೆಯೇ ಎಂಬುದು ಅಲ್ಲಿ ಕಾಣುತ್ತದೆ. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಬದಲಾಗಿದ್ದರೆ ಒಟಿಪಿ ಬರುವುದಿಲ್ಲ. ಮೊದಲು ಆಧಾರ್ ಕೇಂದ್ರದಲ್ಲಿ ನಂಬರ್ ಸರಿಪಡಿಸಬೇಕು. ಬ್ಯಾಂಕು ಬದಲಿಸಬೇಕಿದ್ದರೆ ಬೇಕಾದ ಬ್ಯಾಂಕಿನಲ್ಲಿ ಸೀಡಿಂಗ್ ಒಪ್ಪಿಗೆ ಪತ್ರವನ್ನೇ ಕೇಳಿ ತುಂಬಿ, ಸ್ವೀಕೃತಿ ಪಡೆಯಬೇಕು. ಪಡಿತರ ಚೀಟಿಯಲ್ಲಿ ‘ಲಕ್ಷ್ಮಮ್ಮ’, ಆಧಾರ್‌ನಲ್ಲಿ ‘ಲಕ್ಷ್ಮೀದೇವಮ್ಮ’ ಎಂದಿದ್ದರೂ ಹಣ ನಿಲ್ಲಬಹುದು.

ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಹೆಬ್ಬೆಟ್ಟು ಒತ್ತಿ ಹಣ ತೆಗೆಯುವಲ್ಲಿ ತೊಡಕು ಬೇರೆ. ಸಿಮೆಂಟು, ಸೋಪಿನ ಪುಡಿ ಮುಟ್ಟಿ ಬೆರಳಿನ ಗೆರೆ ಸವೆದವರಿಗೆ ಯಂತ್ರ ಒಪ್ಪುವುದಿಲ್ಲ. ಹತ್ತು ಬೆರಳಲ್ಲಿ ಯಾವುದನ್ನಾದರೂ ಇಡಬಹುದೆಂದು ಬಹಳ ಮಂದಿಗೆ ಯಾರೂ ಹೇಳಿರುವುದಿಲ್ಲ. ಖಾತೆಯಿಂದ ಹಣ ಕಡಿತವಾಗಿ, ನಗದು ಕೈಗೆ ಸಿಗದಿದ್ದರೆ ಅದು ಐದು ದಿನಗಳೊಳಗೆ ಖಾತೆಗೆ ವಾಪಸು ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬುದು ರಿಸರ್ವ್ ಬ್ಯಾಂಕಿನ 2019ರ ನಿಯಮ. ಅದಕ್ಕೇ ಪ್ರತಿ ಸಲವೂ ರಸೀದಿ ಕೇಳಿ ಪಡೆಯಬೇಕು. ಬ್ಯಾಂಕಿಗೆ ಬರೆದು 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ.

2014–15ರಲ್ಲಿ ತೆರೆದ ಖಾತೆಗಳಿಗೆ ಈಗ ಹತ್ತು ವರ್ಷ ತುಂಬಿ, ಮರು ಕೆವೈಸಿ ಬಾಕಿ ಬಿದ್ದಿದೆ. ಮಾಡಿಸದಿದ್ದರೆ ವಹಿವಾಟಿಗೆ ತಡೆ ಬೀಳಬಹುದು. 2025ರ ಜೂನ್‌ನಿಂದ ಬ್ಯಾಂಕ್ ಮಿತ್ರರ ಬಳಿಯೂ ಇದನ್ನು ಮಾಡಿಸಬಹುದು. ಎರಡು ವರ್ಷ ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಮತ್ತೆ ಜೀವ ಕೊಡಲು ಬ್ಯಾಂಕು ಶುಲ್ಕ ಕೇಳುವಂತಿಲ್ಲ.

ಇಷ್ಟೆಲ್ಲ ಆದರೂ ನಸುಕಿನ 900 ರೂಪಾಯಿಗೆ ಉತ್ತರ ಬಂದದ್ದು ತಡವಾಗಿ. 2018ರಲ್ಲಿ ರಾಜ್ಯದ ಬಡವರ ಬಂಧು ಯೋಜನೆ ಬೀದಿ ವ್ಯಾಪಾರಿಗಳಿಗೆ ಸಹಕಾರ ಬ್ಯಾಂಕುಗಳಿಂದ 10,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ ಕೊಡಿಸಿತು. 2020ರಲ್ಲಿ ಕೇಂದ್ರದ ಪಿಎಂ ಸ್ವನಿಧಿ ಬಂತು: 10,000, ತೀರಿಸಿದರೆ 20,000, ಆಮೇಲೆ 50,000. 2025ರಲ್ಲಿ ಮೊದಲೆರಡು ಸಾಲಗಳು 15,000 ಮತ್ತು 25,000ಕ್ಕೆ ಏರಿದವು. ವರ್ಷಕ್ಕೆ ಶೇ 24ರ ದರ ಹಿಡಿದರೂ 12 ಕಂತುಗಳಲ್ಲಿ ತೀರುವ 10,000ಕ್ಕೆ ಬಡ್ಡಿ ಸುಮಾರು 1,350 ರೂಪಾಯಿ. ಸಮಯಕ್ಕೆ ಕಟ್ಟಿದರೆ ಅದರಲ್ಲೂ ವರ್ಷಕ್ಕೆ ಶೇ 7ರ ದರದಷ್ಟು ಬಡ್ಡಿ ಸಹಾಯಧನವಾಗಿ ವಾಪಸು ಬರುತ್ತದೆ. ದಿನದ ಬಡ್ಡಿಯ 30,000ದ ಪಕ್ಕ ಇದನ್ನಿಟ್ಟು ನೋಡಬೇಕು.

ಇಲ್ಲಿಯೂ ಮೊದಲ ಅಡ್ಡಿ ಕಾಗದವೇ. ನಗರಪಾಲಿಕೆಯ ಸಮೀಕ್ಷೆಯಲ್ಲಿ ಹೆಸರಿದ್ದರೆ ಗುರುತಿನ ಚೀಟಿ ಅಥವಾ ವ್ಯಾಪಾರ ಪ್ರಮಾಣಪತ್ರ, ಇಲ್ಲದಿದ್ದರೆ ಶಿಫಾರಸು ಪತ್ರ ಬೇಕು. ಎರಡನೆಯದು ಕಂತು. ಹಣ ದಿನಾ ಬರುತ್ತದೆ, ಬ್ಯಾಂಕು ತಿಂಗಳಿಗೊಮ್ಮೆ ಒಟ್ಟಿಗೆ ಕೇಳುತ್ತದೆ. 10,000ದ ಸಾಲಕ್ಕೆ ಸುಮಾರು 950 ರೂಪಾಯಿಯ ಕಂತು ದಿನಕ್ಕೆ 32 ರೂಪಾಯಿ ಎತ್ತಿಟ್ಟರೆ ತೀರುತ್ತದೆ. ಕೈಯಲ್ಲಿದ್ದರೆ ಆ 32 ಉಳಿಯುವುದಿಲ್ಲ. ಕಂತಿನ ದಿನ ಖಾತೆ ಖಾಲಿಯಿದ್ದರೆ ದಂಡ ಬೀಳುತ್ತದೆ, ಸಾಲ ತೀರಿಸುವ ನಡತೆಯನ್ನು ಅಳೆಯುವ ಸಿಬಿಲ್ ಅಂಕ ಕುಸಿಯುತ್ತದೆ, ಮುಂದಿನ ಸಾಲದ ಬಾಗಿಲು ಮುಚ್ಚುತ್ತದೆ, ವ್ಯಾಪಾರಿ ಮತ್ತೆ ದಿನದ ಬಡ್ಡಿಗೆ ಕೈಯೊಡ್ಡುತ್ತಾರೆ. ಸಾಲ ಕೊಡುವ ಬ್ಯಾಂಕೇ ಪಿಗ್ಮಿಯ ಹಾಗೆ ಗಾಡಿಯ ಬಳಿಗೆ ಬಂದು ದಿನಾ 32 ರೂಪಾಯಿ ಪಡೆದು ಕಂತಿಗೆ ಜಮಾ ಮಾಡಲು ಬ್ಯಾಂಕ್ ಮಿತ್ರರಿದ್ದಾರೆ, ಯುಪಿಐ ಇದೆ; ಯೋಜನೆಯ ನಿಯಮಗಳಲ್ಲಿ ಅದಕ್ಕೊಂದು ಜಾಗ ಮಾಡಿಕೊಡುವುದು ಬಾಕಿ.